ಛಾಯಾಚಿತ್ರಕ್ಕೆ ಕಾಣದ ಪುಡಿ: ಕಲ್ಲುಗಣಿ ಮತ್ತು ಕ್ರಷರ್ ಉದ್ದಿಮೆದಾರರು ಅರಿತಿರಬೇಕಾದ ಒಂದು ಲೆಕ್ಕ

ಲೆಕ್ಕಪರಿಶೋಧಕನೊಬ್ಬ ಕಲ್ಲು ಸಿಡಿಸುವ ವಿಷಯವನ್ನು ಕುರಿತು ಬರೆಯುವುದು ಸದಸ್ಯ ಬಾಂಧವರಿಗೆ ವಿಚಿತ್ರವೆನಿಸಬಹುದು. ನಾನು ವಾಣಿಜ್ಯ ಪದವೀಧರನೇ ಹೊರತು ಗಣಿ ಎಂಜಿನಿಯರ್ ಅಲ್ಲ. ಆದರೆ ರಾಮನಗರ, ಕನಕಪುರ, ಮಾಗಡಿ ಭಾಗದ ಕಲ್ಲುಗಣಿ ಹಾಗೂ ಜಲ್ಲಿ ಕ್ರಷರ್ ಘಟಕಗಳ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನೋಡುತ್ತಿರುವವನು. ಈಚೆಗೆ ಈ ಘಟಕಗಳ ಕಡತಗಳಲ್ಲಿ ಹೊಸದೊಂದು ಕಾಗದ ಕಾಣಿಸಿಕೊಳ್ಳುತ್ತಿದೆ. ಸಿಡಿಸಿದ ಕಲ್ಲಿನ ರಾಶಿಯ ಛಾಯಾಚಿತ್ರ ತೆಗೆದು, ಗಣಕಯಂತ್ರದ ತಂತ್ರಾಂಶದ ಮೂಲಕ ಅದರಲ್ಲಿ ಯಾವ ಗಾತ್ರದ ಕಲ್ಲು ಎಷ್ಟು, ಪುಡಿ ಎಷ್ಟು ಎಂದು ಶೇಕಡಾವಾರು ತಿಳಿಸುವ ವರದಿ ಅದು. ಈ ವರದಿ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಕೊನೆಯ ಸಾಲಿನಲ್ಲಿರುವ ಪುಡಿಯ ಪ್ರಮಾಣವನ್ನು ಯಾರೂ ಎಣಿಸಿದ್ದಲ್ಲ, ಅದು ಊಹಿಸಿದ್ದು. ಈ ಭೇದವನ್ನು ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ನಾನು ಸ್ವತಃ ಕಂಡಿದ್ದೇನೆ. ಆದುದರಿಂದಲೇ ಈ ಲೇಖನ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಕನಕಪುರದ ಕಡೆಯ ಒಂದು ಪಾಲುದಾರಿಕೆ ಸಂಸ್ಥೆಯ ಲೆಕ್ಕ ಪರಿಶೋಧಿಸುತ್ತಿದ್ದೆ. ಪಾಲುದಾರರು ಇಬ್ಬರು. ಒಬ್ಬರು ಗಣಿಯನ್ನು ನೋಡಿಕೊಂಡರೆ ಇನ್ನೊಬ್ಬರು ಕ್ರಷರ್ ಮತ್ತು ಮಾರಾಟವನ್ನು ನೋಡಿಕೊಳ್ಳುತ್ತಿದ್ದರು. ಗಣಿಯಿಂದ ಬಂದ ಟಿಪ್ಪರುಗಳು ವೇಬ್ರಿಡ್ಜ್ ಮೇಲೆ ತೂಗಿ ಒಳಬರುತ್ತಿದ್ದವು. ಜಲ್ಲಿ, ಎಂ-ಸ್ಯಾಂಡ್ ತುಂಬಿದ ಲಾರಿಗಳು ಅದೇ ವೇಬ್ರಿಡ್ಜ್ ಮೇಲೆ ತೂಗಿ ಹೊರಹೋಗುತ್ತಿದ್ದವು. ತಿಂಗಳಿಗೆ ಸುಮಾರು 10,000 ಟನ್ನು ಕಲ್ಲು ಒಳಬರುತ್ತಿತ್ತು. ಕ್ರಷರಿನ ಬಾಯಿಗೆ ಹೋಗುವ ಮುನ್ನವೇ ಫೀಡರಿನ ಜರಡಿಯಲ್ಲಿ 10 ಮಿ.ಮೀ.ಗಿಂತ ಸಣ್ಣದಾದ, ಮಣ್ಣು ಮಿಶ್ರಿತ ಪುಡಿ ಬೇರ್ಪಟ್ಟು ಪಕ್ಕಕ್ಕೆ ಬೀಳುತ್ತಿತ್ತು. ಅದಕ್ಕೆ ಬೆಲೆಯಿಲ್ಲವೆಂದು ತೂಗದೆ ಗಣಿಯೊಳಗಿನ ರಸ್ತೆಗೂ ಅಂಗಳದ ಹಳ್ಳಕ್ಕೂ ಸುರಿಯುತ್ತಿದ್ದರು.

ಈ ಪುಡಿಯ ಪ್ರಮಾಣ ಶೇ. 1.88 ಎಂದು ಒಂದು ಛಾಯಾಚಿತ್ರ ವರದಿ ಹೇಳಿತ್ತು. ಅದನ್ನೇ ಹಿಡಿದು ಲೆಕ್ಕ ಹಾಕಿದಾಗ, ದಾಸ್ತಾನು ಕಳೆದ ಮೇಲೂ ಪ್ರತಿ ತಿಂಗಳು ಸುಮಾರು 400 ಟನ್ನು ಮಾಲು ಕಾಣೆಯಾಗುತ್ತಿತ್ತು. ಆರು ತಿಂಗಳಿಗೆ 2,400 ಟನ್ನು. ನಾನು ನಿಯಮದಂತೆ ‘ಕೊರತೆಗೆ ವಿವರಣೆ ಬೇಕು’ ಎಂದು ಬರೆದೆ. ಪಾಲುದಾರರ ದೃಷ್ಟಿ ಹನ್ನೊಂದು ವರ್ಷ ಸೇವೆ ಮಾಡಿದ್ದ ವೇಬ್ರಿಡ್ಜ್ ಗುಮಾಸ್ತರ ಮೇಲೆ ಬಿತ್ತು. ಬಿಲ್ಲಿಲ್ಲದೆ ಲೋಡು ಹೊರಗೆ ಹೋಗುತ್ತಿದೆಯೆಂಬುದು ಅವರ ಅನುಮಾನ. ಆ ಗುಮಾಸ್ತರು ನನ್ನ ಮುಂದೆ ನಿಂತು, “ಬಿಲ್ ಇಲ್ದೆ ಒಂದು ಬಾಂಡ್ಲಿ ಪುಡೀನೂ ಆಚೆ ಬಿಟ್ಟಿಲ್ಲ ಸಾರ್” ಎಂದಷ್ಟೇ ಹೇಳಿದರು. ಮರುವಾರ ಕೆಲಸ ಬಿಟ್ಟರು.

ಈ ಪ್ರಸಂಗದ ಕೊನೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಶೇ. 1.88 ಎಂಬ ಅಂಕಿ ಹೇಗೆ ಹುಟ್ಟಿತೆಂಬುದನ್ನು ನೋಡೋಣ.

ಪುಡಿ ಎಲ್ಲಿಂದ ಬರುತ್ತದೆ?

ನಮ್ಮ ಭಾಗದ ಬಂಡೆಗೆ ಭೂವಿಜ್ಞಾನದ ಗ್ರಂಥಗಳಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಹೆಸರಿದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು; ಬಂಡೆಗೂ ಅದೇ ಉಳಿಯಿತು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯು ಉತ್ತರ-ದಕ್ಷಿಣವಾಗಿ ಕರ್ನಾಟಕದ ಉದ್ದಕ್ಕೂ ಪಟ್ಟಿಯಂತೆ ಹಬ್ಬಿದೆ. ಗುಲಾಬಿ ಮತ್ತು ಬೂದು ಬಣ್ಣದ ಈ ಕಲ್ಲಿನಲ್ಲಿ ಅನೇಕ ಕಡೆ ಫೆಲ್ಡ್‌ಸ್ಪಾರ್ ಖನಿಜದ ದೊಡ್ಡ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಈ ಹರಳುಗಳ ಮಾತು ಮುಂದೆ ಮತ್ತೆ ಬರುತ್ತದೆ.

ಬಂಡೆಯಲ್ಲಿ ಕುಳಿ ಕೊರೆದು ಸಿಡಿಮದ್ದು ತುಂಬಿ ಸಿಡಿಸಿದಾಗ ಎರಡು ಬಗೆಯ ಒಡೆತಗಳು ಒಟ್ಟಿಗೆ ನಡೆಯುತ್ತವೆ. ಕುಳಿಯ ಸುತ್ತ ಅತಿ ಸಮೀಪದಲ್ಲಿರುವ ಕಲ್ಲು ಸ್ಫೋಟದ ಒತ್ತಡಕ್ಕೆ ಸಿಕ್ಕಿ ನುಚ್ಚುನೂರಾಗುತ್ತದೆ. ಅದಕ್ಕಿಂತ ದೂರದ ಕಲ್ಲು ಬಿರುಕು ಬಿಟ್ಟು, ಮೊದಲೇ ಇದ್ದ ಸೀಳುಗಳ ಗುಂಟ ತುಂಡು ತುಂಡಾಗಿ ಬೇರ್ಪಡುತ್ತದೆ. ಮೊದಲನೆಯದರಿಂದ ಪುಡಿಯೂ ಎರಡನೆಯದರಿಂದ ದಪ್ಪ ಕಲ್ಲುಗಳೂ ಬರುತ್ತವೆ. ಇವಲ್ಲದೆ ಮೇಲ್ಪದರದ ಶಿಥಿಲ ಕಲ್ಲು, ಸೀಳುಗಳಲ್ಲಿ ತುಂಬಿದ ಮಣ್ಣು, ಲೋಡರ್ ಮತ್ತು ಟಿಪ್ಪರಿನಲ್ಲಿ ಉಜ್ಜಿ ಉದುರಿದ ಚೂರು ಇವೂ ಪುಡಿಗೆ ಸೇರುತ್ತವೆ. ಅಂದರೆ ದಪ್ಪ ಕಲ್ಲನ್ನು ಹುಟ್ಟಿಸಿದ ಕಾರಣ ಬೇರೆ, ಪುಡಿಯನ್ನು ಹುಟ್ಟಿಸಿದ ಕಾರಣ ಬೇರೆ. ಓದುಗರು ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ಯಾಮೆರಾ ನೋಡುವುದೇನು?

ಛಾಯಾಚಿತ್ರದ ಮೂಲಕ ಕಲ್ಲಿನ ಗಾತ್ರ ಅಳೆಯುವ ತಂತ್ರಾಂಶಗಳು 1990ರ ದಶಕದಲ್ಲಿ ಪ್ರಚಾರಕ್ಕೆ ಬಂದವು. ಕೆನಡಾದಲ್ಲಿ ರೂಪುಗೊಂಡ ‘ವಿಪ್‌ಫ್ರಾಗ್’ ಹಾಗೂ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ‘ಸ್ಪ್ಲಿಟ್’ ಇವುಗಳಲ್ಲಿ ಪ್ರಸಿದ್ಧವಾದವು. ಕ್ರಮ ಸರಳವಾದುದು. ರಾಶಿಯ ಮೇಲೆ ಅಳತೆ ಗೊತ್ತಿರುವ ಒಂದು ಚೆಂಡನ್ನೋ ಕೋಲನ್ನೋ ಇಟ್ಟು ಚಿತ್ರ ತೆಗೆಯುತ್ತಾರೆ. ತಂತ್ರಾಂಶವು ಬೆಳಕು-ನೆರಳಿನ ವ್ಯತ್ಯಾಸದಿಂದ ಪ್ರತಿಯೊಂದು ಕಲ್ಲಿನ ಅಂಚನ್ನು ಗುರುತಿಸಿ ಗೆರೆ ಎಳೆಯುತ್ತದೆ. ಗೆರೆಯೊಳಗಿನ ವಿಸ್ತೀರ್ಣದಿಂದ ಗಾತ್ರವನ್ನೂ ಗಾತ್ರದಿಂದ ತೂಕವನ್ನೂ ಲೆಕ್ಕ ಹಾಕುತ್ತದೆ. ಇಂದು ಡ್ರೋನ್ ಬಂದಿದೆ, ಕೃತಕ ಬುದ್ಧಿಮತ್ತೆಯಿಂದ ಅಂಚು ಗುರುತಿಸುವ ವಿಧಾನಗಳೂ ಬಂದಿವೆ. ಕೆಲಸ ಬೇಗನಾಗುತ್ತದೆ. ಆದರೆ ಕೆಳಗೆ ಹೇಳುವ ತೊಡಕುಗಳು ಹಾಗೆಯೇ ಉಳಿದಿವೆ.

ಮೊದಲನೆಯ ತೊಡಕು ಚಿತ್ರದ ಸೂಕ್ಷ್ಮತೆಯದು. ಹತ್ತು ಮೀಟರ್ ಅಗಲದ ರಾಶಿಯನ್ನು ಅಡ್ಡಕ್ಕೆ 4,000 ಚುಕ್ಕೆಗಳಿರುವ ಚಿತ್ರದಲ್ಲಿ ಹಿಡಿದರೆ ಒಂದು ಚುಕ್ಕೆಗೆ 2.5 ಮಿ.ಮೀ. ಬರುತ್ತದೆ. 10 ಮಿ.ಮೀ. ಚೂರಿಗೆ ದಕ್ಕುವುದು ಅಡ್ಡಕ್ಕೆ ನಾಲ್ಕೇ ಚುಕ್ಕೆ. ಅಷ್ಟರಲ್ಲಿ ಅಂಚು ಗುರುತಿಸಲು ಸಾಧ್ಯವಿಲ್ಲ. 75 ಮೈಕ್ರಾನ್ ಗಾತ್ರದ ಧೂಳಾದರೋ ಒಂದೇ ಚುಕ್ಕೆಯ ಅಗಲದಲ್ಲಿ ಮೂವತ್ತಕ್ಕೂ ಹೆಚ್ಚು ಕಣಗಳು ಸಾಲಾಗಿ ಕೂರುತ್ತವೆ.

ಎರಡನೆಯದು ಮರೆಯ ತೊಡಕು. ಪುಡಿ ದಪ್ಪ ಕಲ್ಲಿನ ಸಂದಿಗೆ ಇಳಿಯುತ್ತದೆ, ಮಳೆ ಬಂದರೆ ಇನ್ನೂ ಕೆಳಕ್ಕೆ ಕೊಚ್ಚಿಹೋಗುತ್ತದೆ. ಟಿಪ್ಪರಿನಲ್ಲಿಯೂ ಬೆಲ್ಟಿನ ಮೇಲೆಯೂ ಅಲುಗಾಟಕ್ಕೆ ಸಣ್ಣದು ತಳ ಸೇರಿ ದಪ್ಪದು ಮೇಲೆ ಬರುತ್ತದೆ. ಕ್ಯಾಮೆರಾಗೆ ಕಾಣುವುದು ಮೇಲ್ಮೈ ಮಾತ್ರ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅನುಭವಿ ರೀಲರ್ ಲಾಟಿನ ಮೇಲಿನ ಗೂಡನ್ನು ಮಾತ್ರ ನೋಡಿ ಬೆಲೆ ಕಟ್ಟುವುದಿಲ್ಲ; ಕೈಯನ್ನು ಒಳಕ್ಕೆ ತೂರಿ ತಳದ ಗೂಡನ್ನೂ ತೆಗೆದು ನೋಡುತ್ತಾನೆ. ಛಾಯಾಚಿತ್ರಕ್ಕೆ ಆ ಕೈಯಿಲ್ಲ.

ಮೂರನೆಯದು ಅಂಚಿನ ಭ್ರಮೆ. ಒತ್ತಾಗಿ ಕೂತ ಪುಡಿಯ ಹರವನ್ನು ತಂತ್ರಾಂಶವು ಕೆಲವೊಮ್ಮೆ ಒಂದೇ ದೊಡ್ಡ ಕಲ್ಲೆಂದು ಎಣಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಮೈಮೇಲೆ ಬಣ್ಣಬಣ್ಣದ ಮಚ್ಚೆಗಳಿರುವ ಒಂದೇ ಕಲ್ಲನ್ನು ಹಲವು ಚೂರುಗಳೆಂದು ಒಡೆದು ಎಣಿಸುತ್ತದೆ. ನಮ್ಮ ಗ್ರಾನೈಟಿನ ದೊಡ್ಡ ಹರಳುಗಳ ಅಂಚನ್ನೇ ಕಲ್ಲಿನ ಅಂಚೆಂದು ಬಗೆಯುವ ಸಂಭವವಿರುವುದರಿಂದ, ಬೇರೆ ಶಿಲೆಯ ಮೇಲೆ ಸರಿಯಾಗಿ ನಡೆದ ತಂತ್ರಾಂಶ ಇಲ್ಲಿಯೂ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಅನುಭವಿ ತಂತ್ರಜ್ಞರು ಗೆರೆಗಳನ್ನು ಕೈಯಿಂದ ತಿದ್ದುವುದು ಇದೇ ಕಾರಣಕ್ಕಾಗಿ.

ಕಾಣದ ಭಾಗಕ್ಕೆ ಸೂತ್ರ

ಹೀಗೆ ಒಂದು ಗಾತ್ರಕ್ಕಿಂತ ಕೆಳಗಿನದು ಚಿತ್ರದಲ್ಲಿ ಸಿಗದೆ ಹೋದಾಗ, ತಂತ್ರಾಂಶವು ಕಂಡ ಭಾಗಕ್ಕೆ ಒಂದು ಗಣಿತದ ವಕ್ರರೇಖೆಯನ್ನು ಹೊಂದಿಸಿ, ಆ ರೇಖೆಯನ್ನು ಕಾಣದ ಭಾಗಕ್ಕೂ ಎಳೆಯುತ್ತದೆ. ಬಹಳವಾಗಿ ಬಳಕೆಯಲ್ಲಿರುವುದು ‘ರೋಸಿನ್-ರಾಮ್ಲರ್’ ಸೂತ್ರ. 1933ರಲ್ಲಿ ಪ್ರಕಟವಾದ ಈ ಸೂತ್ರವನ್ನು ಇಬ್ಬರು ವಿಜ್ಞಾನಿಗಳು ರೂಪಿಸಿದ್ದು ಅರೆದ ಕಲ್ಲಿದ್ದಲಿನ ಪುಡಿಗಾಗಿ. ರಷ್ಯಾದ ಕುಜ್ನೆತ್ಸೋವ್ 1973ರಲ್ಲಿ ಕೊಟ್ಟ ಸೂತ್ರದೊಡನೆ ಇದನ್ನು ಸೇರಿಸಿ ದಕ್ಷಿಣ ಆಫ್ರಿಕಾದ ಕನ್ನಿಂಗ್‌ಹ್ಯಾಮ್ 1983ರಲ್ಲಿ ‘ಕುಜ್-ರಾಮ್’ ಎಂಬ ಮಾದರಿಯನ್ನು ಮುಂದಿಟ್ಟರು. ಸ್ಫೋಟದಿಂದ ಬರುವ ಕಲ್ಲಿನ ಗಾತ್ರವನ್ನು ಮುಂಚಿತವಾಗಿ ಅಂದಾಜು ಮಾಡಲು ಇಂದಿಗೂ ಅದು ಬಳಕೆಯಲ್ಲಿದೆ. ದಪ್ಪ ಕಲ್ಲಿನ ಮಟ್ಟಿಗೆ ಅದು ಒಪ್ಪುವ ಉತ್ತರ ಕೊಡುತ್ತದೆ. ಪುಡಿಯ ಮಟ್ಟಿಗೆ ಕಡಿಮೆ ತೋರಿಸುತ್ತದೆಂಬುದು ತಜ್ಞರೆಲ್ಲ ಬಲ್ಲ ವಿಷಯ.

ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಎರಡು ಬೇರೆ ಕಾರಣಗಳಿಂದ ಹುಟ್ಟಿದ ಕಲ್ಲು-ಪುಡಿಗಳನ್ನು ಒಂದೇ ರೇಖೆ ಹಿಡಿಯಲಾರದು. ಈ ದೋಷವನ್ನು ಸರಿಪಡಿಸಲು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಖನಿಜ ಸಂಶೋಧಕರು 1999ರಲ್ಲಿ ಕುಳಿಯ ಸುತ್ತಲಿನ ಪುಡಿಗೆ ಪ್ರತ್ಯೇಕ ಲೆಕ್ಕವಿಡುವ ಮಾದರಿಯನ್ನು ಪ್ರಕಟಿಸಿದರು. ಸ್ವೀಡನ್ನಿನ ಫಿನ್ ಔಚ್ಟರ್ಲೋನಿ 2005ರಲ್ಲಿ ‘ಸ್ವೆಬ್ರೆಕ್’ ಎಂಬ ಸೂತ್ರವನ್ನು ಕೊಟ್ಟರು. ದಪ್ಪ ಕಲ್ಲಿನಿಂದ ಪುಡಿಯವರೆಗೆ ಅದು ಹೆಚ್ಚು ಹೊಂದುತ್ತದೆ. ಆದರೂ ಸೂತ್ರ ಎಷ್ಟೇ ಒಳ್ಳೆಯದಾದರೂ, ಅದಕ್ಕೆ ಊಡುವ ಅಂಕಿಗಳು ಬರುವುದು ಕಂಡ ಭಾಗದಿಂದಲೇ.

ವರ್ತಕರಿಗೆ ಇದನ್ನು ನಮ್ಮದೇ ಭಾಷೆಯಲ್ಲಿ ಹೇಳುವುದಾದರೆ, ವಸೂಲಾಗದ ಸಾಲಕ್ಕೆ ಅವಕಾಶ ಕಲ್ಪಿಸುವ ಲೆಕ್ಕದಂತೆ ಇದು. ಒಬ್ಬ ಸಗಟು ವ್ಯಾಪಾರಿಗೆ ಇಪ್ಪತ್ತು ದೊಡ್ಡ ಗಿರಾಕಿಗಳೂ ಎಂಟುನೂರು ಸಣ್ಣ ಉದ್ರಿ ಗಿರಾಕಿಗಳೂ ಇದ್ದಾರೆನ್ನೋಣ. ಇಪ್ಪತ್ತು ಮಂದಿಯ ಖಾತೆಯನ್ನು ನೋಡಿ, ‘ಇವರಲ್ಲಿ ನೂರಕ್ಕೆ ಎರಡು ರೂಪಾಯಿ ಬಾಕಿ ಮುಳುಗುತ್ತದೆ, ಸಣ್ಣವರದೂ ಹಾಗೆಯೇ ಇರಬೇಕು’ ಎಂದು ಬರೆದುಕೊಂಡರೆ ಯಾವ ಲೆಕ್ಕಪರಿಶೋಧಕನಾದರೂ ಒಪ್ಪುವನೆ? ಸಣ್ಣವರ ಪಾವತಿಯ ರೀತಿಯೇ ಬೇರೆ. ಪುಡಿಯ ರೀತಿಯೂ ಬೇರೆ.

ಒಂದು ಉದಾಹರಣೆ

ಒಂದು ರಾಶಿಯಲ್ಲಿ ತೂಕದ ಅರ್ಧಭಾಗ 200 ಮಿ.ಮೀ.ಗಿಂತ ಸಣ್ಣದೆಂದು ಚಿತ್ರದಿಂದ ತಿಳಿಯಿತೆಂದು ಭಾವಿಸೋಣ. ರೋಸಿನ್-ರಾಮ್ಲರ್ ಸೂತ್ರಕ್ಕೆ ಇದಲ್ಲದೆ ಇನ್ನೊಂದು ಅಂಕಿ ಬೇಕು. ಕಲ್ಲುಗಳ ಗಾತ್ರ ಎಷ್ಟು ಏಕರೂಪವಾಗಿದೆ ಎಂಬುದನ್ನು ಸೂಚಿಸುವ ಅಂಕಿ ಅದು. ಅದಕ್ಕೆ ಏಕರೂಪತೆಯ ಸೂಚ್ಯಂಕವೆನ್ನೋಣ. ಸೂಚ್ಯಂಕವನ್ನು ಬದಲಿಸುತ್ತ ಹೋದಾಗ ಬರುವ ಫಲಿತಾಂಶ ಹೀಗಿದೆ:

ಸೂಚ್ಯಂಕ 1.2 ಆದರೆ: 400 ಮಿ.ಮೀ.ಗಿಂತ ಸಣ್ಣದು ಶೇ. 80, 10 ಮಿ.ಮೀ.ಗಿಂತ ಸಣ್ಣದು ಶೇ. 1.9.

ಸೂಚ್ಯಂಕ 1.0 ಆದರೆ: 400 ಮಿ.ಮೀ.ಗಿಂತ ಸಣ್ಣದು ಶೇ. 75, 10 ಮಿ.ಮೀ.ಗಿಂತ ಸಣ್ಣದು ಶೇ. 3.4.

ಸೂಚ್ಯಂಕ 0.8 ಆದರೆ: 400 ಮಿ.ಮೀ.ಗಿಂತ ಸಣ್ಣದು ಶೇ. 70; 10 ಮಿ.ಮೀ.ಗಿಂತ ಸಣ್ಣದು ಶೇ. 6.1.

ದಪ್ಪ ಕಲ್ಲಿನ ತುದಿಯಲ್ಲಿ ಶೇ. 80 ಮತ್ತು ಶೇ. 70 ಎಂಬ ವ್ಯತ್ಯಾಸ. ಹತ್ತಿಪ್ಪತ್ತು ಗೆರೆಗಳನ್ನು ತಪ್ಪಾಗಿ ಎಳೆದರೂ ಇಷ್ಟು ಬಂದೀತು. ಅದೇ ತಪ್ಪು ಪುಡಿಯ ತುದಿಯನ್ನು ಮುಟ್ಟುವಾಗ ಮೂರು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ತಿಂಗಳಿಗೆ 10,000 ಟನ್ನಿನ ಘಟಕದಲ್ಲಿ ಪುಡಿ 190 ಟನ್ನೂ ಆಗಬಹುದು, 610 ಟನ್ನೂ ಆಗಬಹುದು. ವ್ಯತ್ಯಾಸ 420 ಟನ್ನು. ದಪ್ಪ ಕಲ್ಲಿನ ಗೆರೆಗಳೆಲ್ಲ ಸರಿಯಾಗಿಯೇ ಇದ್ದು ಸೂಚ್ಯಂಕ 1.2 ಎಂದೇ ಬಂದಿರಲಿ, ನಿಜವಾದ ಪುಡಿ ಆ ರೇಖೆಯನ್ನು ಅನುಸರಿಸದಿದ್ದರೆ ಫಲ ಒಂದೇ.

ಈಗ ಓದುಗರು ಶೇ. 1.88ರ ಮೂಲವನ್ನು ಊಹಿಸಿರಬಹುದು. ದಶಾಂಶದ ಮುಂದೆ ಎರಡು ಸ್ಥಾನಗಳಿದ್ದುದರಿಂದಲೇ ಅದು ತೂಗಿ ತೆಗೆದ ಅಂಕಿಯೆಂದು ನಾನು ನಂಬಿದ್ದೆ. ವರದಿಯಲ್ಲಿ ತಪ್ಪಿರಲಿಲ್ಲ; ಅದರ ಕೆಳತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘50 ಮಿ.ಮೀ.ಗಿಂತ ಕೆಳಗಿನದು ಸೂತ್ರದಿಂದ ಅಂದಾಜಿಸಿದ್ದು’ ಎಂದು ಬರೆದೇ ಇತ್ತು. ಅದನ್ನು ಓದದೆ ಹೋದವನು ನಾನು.

ಜರಡಿಯ ಸಾಕ್ಷ್ಯ

ಗುಮಾಸ್ತರು ಕೆಲಸ ಬಿಟ್ಟು ಎರಡು ತಿಂಗಳಾದರೂ ಕೊರತೆ ಅಷ್ಟೇ ಇತ್ತು. ಹೊಸಬರು ಕೂತಿದ್ದರೂ 400 ಟನ್ನು ಕಾಣೆಯಾಗುತ್ತಲೇ ಇತ್ತು. ಆಗ ನಾನು ಪಾಲುದಾರರಿಗೆ ಒಂದು ಟಿಪ್ಪರು ಕಲ್ಲನ್ನು ಬೇರೆ ಸುರಿದು ಜರಡಿ ಹಿಡಿಯೋಣವೆಂದು ಸೂಚಿಸಿದೆ. ಇಬ್ಬರೂ ಒಪ್ಪಿದರು. ಯಾವ ಟಿಪ್ಪರು ಎಂಬುದನ್ನು ಇಬ್ಬರಲ್ಲಿ ಯಾರೂ ಆರಿಸದಂತೆ ಚೀಟಿ ಎತ್ತಿದೆವು. ಮಾಡಿದ ಕ್ರಮ ಹೀಗಿತ್ತು:

1. ಟಿಪ್ಪರನ್ನು ತೂಗಿ, ಸ್ವಚ್ಛಗೊಳಿಸಿದ ಕಾಂಕ್ರೀಟ್ ನೆಲದ ಮೇಲೆ ಸುರಿದೆವು. ಕಲ್ಲಿನ ತೂಕ 18,000 ಕೆ.ಜಿ.

2. ದಪ್ಪ ಕಲ್ಲುಗಳನ್ನು ಲೋಡರಿನಿಂದಲೂ ಕೈಯಿಂದಲೂ ಬೇರ್ಪಡಿಸಿ, ಅವಕ್ಕೆ ಅಂಟಿದ್ದ ಪುಡಿಯನ್ನು ಪೊರಕೆಯಿಂದ ಉದುರಿಸಿ, ಉಳಿದುದನ್ನು 40 ಮಿ.ಮೀ. ಜರಡಿಯ ಮೇಲೆ ಹಾಯಿಸಿದೆವು. ಕೆಳಗೆ ಬಿದ್ದದ್ದು 2,700 ಕೆ.ಜಿ.

3. ಆ 2,700 ಕೆ.ಜಿ.ಯನ್ನು ಚೆನ್ನಾಗಿ ಕಲಸಿ ಗೋಪುರದಂತೆ ರಾಶಿ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡೆವು. ಹೀಗೆಯೇ ಮತ್ತೆ ಮತ್ತೆ ಮಾಡಿ ಕೊನೆಗೆ ಸುಮಾರು 80 ಕೆ.ಜಿ.ಗೆ ಇಳಿಸಿ, ಬಿಸಿಲಿನಲ್ಲಿ ಒಣಗಿಸಿ, ಅದರಲ್ಲಿ 60 ಕೆ.ಜಿ. ತೂಗಿ ತೆಗೆದೆವು.

4. ಆ 60 ಕೆ.ಜಿ.ಯನ್ನು 10 ಮಿ.ಮೀ. ಜರಡಿಯಲ್ಲಿ ಹಿಡಿದಾಗ ಕೆಳಗೆ ಬಿದ್ದದ್ದು 24 ಕೆ.ಜಿ., ಅಂದರೆ ಶೇ. 40.

5. 2,700 ಕೆ.ಜಿ.ಯ ಶೇ. 40 ಎಂದರೆ 1,080 ಕೆ.ಜಿ. ಇದು 18,000 ಕೆ.ಜಿ.ಯ ಶೇ. 6.

ಒಂದು ಟಿಪ್ಪರಿನಿಂದ ತೀರ್ಮಾನಿಸಬಾರದೆಂದು ಬೇರೆ ಬೇರೆ ದಿನ ಇನ್ನೆರಡು ಟಿಪ್ಪರುಗಳನ್ನು ಹೀಗೆಯೇ ಪರೀಕ್ಷಿಸಿದೆವು. ಎಲ್ಲವೂ ಶೇ. ಐದೂವರೆಯಿಂದ ಆರೂವರೆಯೊಳಗೆ ಬಂದವು. ಶೇ. 6ರಿಂದ ಶೇ. 1.88 ಕಳೆದರೆ ತಿಂಗಳಿಗೆ 400 ಟನ್ನಿಗೆ ತುಸು ಹೆಚ್ಚು. ಕಳುವಾದ ಮಾಲೆಲ್ಲ ಗಣಿಯ ರಸ್ತೆಯ ಮೇಲೆಯೇ ಹರಡಿಕೊಂಡಿತ್ತು. ನಾವು ದಿನವೂ ಅದರ ಮೇಲೆಯೇ ಕಾರು ಓಡಿಸಿಕೊಂಡು ಬರುತ್ತಿದ್ದೆವು.

ಪಾಲುದಾರರು ಗುಮಾಸ್ತರನ್ನು ಮತ್ತೆ ಕರೆಸಿದರು. ಅವರು ಚನ್ನಪಟ್ಟಣದಲ್ಲಿ ಬೇರೆ ಕೆಲಸ ಹಿಡಿದಿದ್ದರು, ಬರಲೊಪ್ಪಲಿಲ್ಲ. ಅವರ ಅವಧಿಯ ಲೆಕ್ಕದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಸಂಸ್ಥೆಯ ಕಾಗದದಲ್ಲಿ ಬರೆಸಿ, ನಾನೂ ಸಹಿ ಮಾಡಿ ಅವರಿಗೆ ತಲುಪಿಸಿದೆ. ಮೊದಲು ಜರಡಿ ಹಿಡಿದು ಆಮೇಲೆ ಪ್ರಶ್ನೆ ಕೇಳಿದ್ದರೆ ಆ ಕಾಗದದ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗಾದರೆ ಛಾಯಾಚಿತ್ರ ಬೇಡವೆ?

ಖಂಡಿತ ಬೇಕು. ಪ್ರತಿ ಸ್ಫೋಟದ ಕಲ್ಲನ್ನೂ ಜರಡಿ ಹಿಡಿಯುವುದು ಯಾರಿಗೂ ಸಾಧ್ಯವಿಲ್ಲ. ಛಾಯಾಚಿತ್ರವು ಅಗ್ಗ, ಶೀಘ್ರ, ಕೆಲಸ ನಿಲ್ಲಿಸಬೇಕಾದುದಿಲ್ಲ. ದಪ್ಪ ಕಲ್ಲು ಎಷ್ಟು ಬಂತು, ಮತ್ತೆ ಒಡೆಯಬೇಕಾದ ಬಂಡೆಗಳೆಷ್ಟು, ಕುಳಿಗಳ ಅಂತರ ಬದಲಿಸಿದ್ದರಿಂದ ಉಪಯೋಗವಾಯಿತೆ ಎಂಬ ಪ್ರಶ್ನೆಗಳಿಗೆ ಅದು ನಂಬಲರ್ಹ ಉತ್ತರ ಕೊಡುತ್ತದೆ. ಪುಡಿಯ ವಿಷಯದಲ್ಲಿಯೂ ಜರಡಿಯ ಫಲಿತಾಂಶದೊಡನೆ ಹೊಂದಿಸಿಕೊಂಡರೆ ಅದು ಉಪಯುಕ್ತವೇ. ನಾವು ದಾಸ್ತಾನನ್ನು ವರ್ಷವಿಡೀ ಪುಸ್ತಕದಿಂದ ತಿಳಿದು, ಆಗಾಗ ಎಣಿಸಿ ತಾಳೆ ನೋಡುವುದಿಲ್ಲವೆ? ಇದೂ ಹಾಗೆಯೇ. ಈ ಕೆಳಗಿನ ಸೂಚನೆಗಳನ್ನು ಪಾಲಿಸುವುದು ಒಳ್ಳೆಯದು:

ಅ) ಒಂದೇ ರಾಶಿಯನ್ನು ದೂರದಿಂದಲೂ ಹತ್ತಿರದಿಂದಲೂ ಚಿತ್ರಿಸಿ ಎರಡನ್ನೂ ಜೋಡಿಸಿ ಲೆಕ್ಕ ಹಾಕುವ ಅನುಕೂಲ ಕೆಲವು ತಂತ್ರಾಂಶಗಳಲ್ಲಿದೆ. ಹತ್ತಿರದ ಚಿತ್ರದಲ್ಲಿ ಸಣ್ಣ ಚೂರುಗಳೂ ಸಿಗುವುದರಿಂದ ಊಹೆಯ ಭಾಗ ಕಿರಿದಾಗುತ್ತದೆ.

ಆ) ರಾಶಿಯ ಮೇಲ್ಮೈಯನ್ನು ಮಾತ್ರವಲ್ಲದೆ, ಲೋಡು ತೆಗೆಯುತ್ತ ಹೋದಂತೆ ಮಧ್ಯದಲ್ಲಿಯೂ ಕೊನೆಯಲ್ಲಿಯೂ ಚಿತ್ರ ತೆಗೆಯಬೇಕು. ಮಳೆ ಬಂದ ಮರುದಿನದ ಚಿತ್ರವನ್ನು ನೆಚ್ಚಬಾರದು.

ಇ) ಚಿತ್ರಕ್ಕೆ ಯೋಗ್ಯವೆಂದು ತೋರಿದ ಜಾಗವನ್ನಲ್ಲ, ಮೊದಲೇ ಗೊತ್ತುಪಡಿಸಿದ ಜಾಗಗಳನ್ನು ಚಿತ್ರಿಸಬೇಕು. ಲೆಕ್ಕಪರಿಶೋಧನೆಯಲ್ಲಿ ಮಾದರಿ ಆರಿಸುವಾಗಲೂ ಇದೇ ನಿಯಮ.

ಈ) ಜರಡಿಯ ಪರೀಕ್ಷೆಯಿಂದ ದೊರೆತ ತಿದ್ದುಪಡಿ ಆ ಗಣಿಯ ಆ ಮುಖಕ್ಕೆ, ಆ ಸ್ಫೋಟದ ಕ್ರಮಕ್ಕೆ ಮಾತ್ರ ಸಲ್ಲುತ್ತದೆ. ಗಣಿಯ ಮುಖ ಬದಲಾದರೆ, ಸಿಡಿಮದ್ದಿನ ಪ್ರಮಾಣ ಬದಲಾದರೆ, ಶಿಥಿಲ ಪದರ ಎದುರಾದರೆ ಹೊಸದಾಗಿ ಜರಡಿ ಹಿಡಿಯಬೇಕು.

ಉ) ತಾಂತ್ರಿಕ ಸಲಹೆ ಬೇಕಾದವರಿಗೆ ನಮ್ಮ ರಾಜ್ಯದಲ್ಲಿಯೇ ತಜ್ಞರಿದ್ದಾರೆ. 1988ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಯೂ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದ ಗಣಿ ವಿಭಾಗವೂ ಶಿಲೆಯನ್ನು ಬಲ್ಲ ಸಂಸ್ಥೆಗಳು.

ಲೆಕ್ಕಪುಸ್ತಕದಲ್ಲಿ ಪುಡಿ

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಪುಡಿಯ ಅಂದಾಜು ನಾಲ್ಕು ಕಡೆ ನಮ್ಮ ಲೆಕ್ಕವನ್ನು ಮುಟ್ಟುತ್ತದೆ.

ಮೊದಲನೆಯದು ಇಳುವರಿ. ರೇಷ್ಮೆಯವರಿಗೆ ರೆಂಡಿಟ್ಟಾ ಹೇಗೋ ಕ್ರಷರಿನವರಿಗೆ ಇಳುವರಿ ಹಾಗೆ: ಎಷ್ಟು ಟನ್ನು ಕಲ್ಲಿಗೆ ಎಷ್ಟು ಟನ್ನು ಸಿದ್ಧ ಮಾಲು? ತೆರಿಗೆ ಲೆಕ್ಕಪರಿಶೋಧನೆಯಲ್ಲಿಯೂ ತಯಾರಕರ ಕಚ್ಚಾ ಸಾಮಗ್ರಿ, ಇಳುವರಿ, ಕೊರತೆಗಳನ್ನು ನೋಡಲಾಗುತ್ತದೆ. ಊಹೆಯ ಅಂಕಿಯನ್ನು ಆಧರಿಸಿ ಇಳುವರಿ ಬರೆದರೆ, ಇಲ್ಲದ ಕೊರತೆ ಕಾಣಿಸಿಕೊಂಡು ಬಿಲ್ಲಿಲ್ಲದ ಮಾರಾಟದ ಶಂಕೆಗೆ ಎಡೆಯಾಗುತ್ತದೆ. ಬೇರ್ಪಟ್ಟ ಪುಡಿಯನ್ನು ವಾರಕ್ಕೊಂದು ದಿನವಾದರೂ ತೂಗಿ ಪುಸ್ತಕದಲ್ಲಿ ಬರೆದಿಡುವುದು ಇದಕ್ಕೆ ಸುಲಭೋಪಾಯ. ಅದನ್ನು ಎಲ್ಲಿಗೆ ಸುರಿದಿರೆಂಬುದನ್ನೂ ಬರೆಯಿರಿ.

ಎರಡನೆಯದು ದಾಸ್ತಾನಿನ ಮೌಲ್ಯ. ಬಹುಪಾಲು ಉಪಉತ್ಪನ್ನಗಳು ಅಲ್ಪಮೌಲ್ಯದವಾದ್ದರಿಂದ, ಅವುಗಳಿಂದ ಬರಬಹುದಾದ ನಿವ್ವಳ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವ ಪದ್ಧತಿಯನ್ನು ದಾಸ್ತಾನು ಮೌಲ್ಯಮಾಪನದ ಲೆಕ್ಕ ಮಾನದಂಡ-2 ತಿಳಿಸುತ್ತದೆ. ಹಿಂದೆ ಕ್ರಷರಿನ ಪುಡಿ ಕೇಳುವವರಿಲ್ಲದ ವಸ್ತುವಾಗಿತ್ತು. ನದಿ ಮರಳಿನ ಅಭಾವದಿಂದ ಎಂ-ಸ್ಯಾಂಡ್ ಮುಖ್ಯ ಉತ್ಪನ್ನವಾದ ಮೇಲೆ, ಸಣ್ಣ ಗಾತ್ರದ ಮಾಲನ್ನೆಲ್ಲ ಉಪಉತ್ಪನ್ನವೆಂದು ಬಗೆಯುವುದು ಎಲ್ಲ ಘಟಕಗಳಲ್ಲಿಯೂ ಸರಿಯಾಗದು. ಎರಡೂ ಮುಖ್ಯವಾದರೆ ಮಾರಾಟ ಮೌಲ್ಯದ ಅನುಪಾತದಂತೆ ವೆಚ್ಚವನ್ನು ಹಂಚಬೇಕಾಗುತ್ತದೆ. ಹಂಚಲು ಸರಿಯಾದ ಪ್ರಮಾಣ ಗೊತ್ತಿರಬೇಕು. ರಾಶಿಯ ಘನ ಅಳತೆಯಿಂದ ತೂಕ ತೆಗೆಯುವವರು ಇನ್ನೊಂದು ಅಂಶ ನೆನಪಿಡಬೇಕು. ಪುಡಿ ಹೆಚ್ಚಿದ್ದರೆ ಅದು ಸಂದಿಗಳನ್ನು ತುಂಬುವುದರಿಂದ ಅದೇ ಅಳತೆಯ ರಾಶಿಯ ತೂಕ ಹೆಚ್ಚುತ್ತದೆ.

ಮೂರನೆಯದು ಕರಾರು. ಭಾರತೀಯ ಮಾನಕ 383ರ ಪ್ರಕಾರ, ಒಡೆದ ಕಲ್ಲಿನ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣದಾದ ಧೂಳು ತೂಕದ ಶೇ. 15ನ್ನು ಮೀರುವಂತಿಲ್ಲ. ಇದನ್ನು ನಿರ್ಣಯಿಸುವುದು ಜರಡಿಯೇ, ಛಾಯಾಚಿತ್ರವಲ್ಲ. ಪೂರೈಕೆಯ ಒಪ್ಪಂದ ಮಾಡಿಕೊಳ್ಳುವಾಗ ಮಾದರಿಯನ್ನು ಯಾರು, ಎಲ್ಲಿ, ಯಾರ ಸಮಕ್ಷಮದಲ್ಲಿ ತೆಗೆಯಬೇಕು, ಭಿನ್ನಾಭಿಪ್ರಾಯ ಬಂದಲ್ಲಿ ಯಾವ ಪರೀಕ್ಷೆ ಅಂತಿಮ ಎಂಬುದನ್ನು ಬರೆಸಿಕೊಳ್ಳಬೇಕು. ಹಾಗೆಯೇ ರಾಜಧನ ಮತ್ತು ಸಾಗಾಣಿಕೆ ಪರವಾನಗಿಯ ತೂಕದಲ್ಲಿ ಚಿತ್ರದ ಅಂದಾಜನ್ನು ಹಿಡಿದು ಪುಡಿಯನ್ನು ಕಳೆಯಲು ಹೋಗಬಾರದು. ಅಲ್ಲಿ ವೇಬ್ರಿಡ್ಜಿನ ಚೀಟಿಯೇ ಪ್ರಮಾಣ.

ನಾಲ್ಕನೆಯದು ಬಂಡವಾಳ. ಹೊಸ ಯಂತ್ರಕ್ಕೆ ಸಾಲ ಕೇಳುವ ಯೋಜನಾ ವರದಿಗಳಲ್ಲಿ ಇಳುವರಿಯ ಒಂದು ಅಂಕಿ ಇರುತ್ತದೆ. ಅದು ಶೇ. 4ರಷ್ಟು ಹೆಚ್ಚಾಗಿದ್ದರೆ ಕಂತಿನ ಹಣಕ್ಕೆಂದು ಎಣಿಸಿದ ಲಾಭವೇ ಕರಗಿಹೋದೀತು. ಕಂತು ಮಾತ್ರ ಕರಗುವುದಿಲ್ಲ.

ಇವೆಲ್ಲದರ ಜೊತೆಗೆ, ಲೆಕ್ಕಕ್ಕೆ ಸಿಗದ ಅತಿಸೂಕ್ಷ್ಮ ಪುಡಿಯೇ ಕೆಲಸಗಾರರ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಕಾಯಿಲೆ ತರುತ್ತದೆಂಬುದನ್ನು ಮರೆಯಲಾಗದು. ನೀರು ಸಿಂಪಡಿಸುವ, ಧೂಳು ತಡೆಯುವ ಏರ್ಪಾಡುಗಳನ್ನು ‘ನಮ್ಮಲ್ಲಿ ಪುಡಿ ಕಡಿಮೆ’ ಎಂಬ ವರದಿಯ ಬಲದ ಮೇಲೆ ಸಡಿಲಿಸಕೂಡದು.

ಉಪಸಂಹಾರ

ಮುಂದಿನ ಬಾರಿ ಇಂಥ ವರದಿ ಕೈಗೆ ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಲಿ. ಯಾವ ಗಾತ್ರದವರೆಗೆ ಚಿತ್ರದಲ್ಲಿ ಕಂಡಿದೆ? ಅದಕ್ಕಿಂತ ಕೆಳಗಿನದಕ್ಕೆ ಯಾವ ಸೂತ್ರ ಬಳಸಲಾಗಿದೆ? ನಮ್ಮದೇ ಗಣಿಯ ಕಲ್ಲಿನ ಮೇಲೆ ಜರಡಿ ಹಿಡಿದು ಅದನ್ನು ಎಂದು ತಾಳೆ ನೋಡಲಾಗಿದೆ? ಮೂರಕ್ಕೂ ಉತ್ತರ ಸಿಕ್ಕರೆ ವರದಿಯನ್ನು ಧಾರಾಳವಾಗಿ ಬಳಸಬಹುದು. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಪುಡಿಯ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ‘ಅಂದಾಜು’ ಎಂದು ಬರೆದು, ಒಂದು ಟಿಪ್ಪರನ್ನು ಪಕ್ಕಕ್ಕೆ ಸುರಿಸಿ. ತಗಲುವುದು ಎರಡು ದಿನದ ಕೂಲಿ. ನಮ್ಮ ಆ ಸಂಸ್ಥೆ ಅದನ್ನು ಉಳಿಸಲು ಹೋಗಿ ಹನ್ನೊಂದು ವರ್ಷದ ಒಬ್ಬ ನಂಬಿಗಸ್ತನನ್ನು ಕಳೆದುಕೊಂಡಿತು.